ಹರಾಜಿನ ಬೆಲೆಯೂ ಸಂಬಳದ ಪುಸ್ತಕವೂ

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ರಾಜಾನುಕುಂಟೆ ಸಿಗುತ್ತದೆ. ರಾಗಿಯ ಹೊಲಗಳ ನಡುವೆ ಇದ್ದ ಊರು ಈಗ ಬೆಂಗಳೂರಿನ ಸೆರಗನ್ನು ಹಿಡಿದು ನಿಂತಿದೆ. ಈ ಊರಿನ ಮನೆಯೊಂದರಲ್ಲಿ ತಾತ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಒಟ್ಟಿಗೆ ಬಾಳುತ್ತಿದ್ದಾರೆ ಎಂದು ಭಾವಿಸೋಣ. ಹೆಸರುಗಳು ಬೇಡ, ಇಂಥ ಮನೆ ಇಂದು ಯಾವ ಬಡಾವಣೆಯಲ್ಲಾದರೂ ಉಂಟು. ವಾಚಕರಲ್ಲಿ ಕೆಲವರಿಗೆ ಇದು ತಮ್ಮದೇ ಮನೆಯೆಂದು ತೋರಿದರೂ ಆಶ್ಚರ್ಯವಿಲ್ಲ.

ತಾತ ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಸಂಬಳದ ಗುಮಾಸ್ತರಾಗಿದ್ದವರು. ಹಾಜರಿ ಎಷ್ಟು, ಮುಂಗಡ ಎಷ್ಟು, ಭವಿಷ್ಯನಿಧಿಗೆ ಕಡಿತವೆಷ್ಟು, ಕೈಗೆ ಬರುವುದೆಷ್ಟು ಎಂಬ ಲೆಕ್ಕದಲ್ಲಿಯೇ ಅವರ ಆಯುಷ್ಯದ ಒಳ್ಳೆಯ ಭಾಗ ಕಳೆದಿದೆ. ಹಿರಿಯ ಮೊಮ್ಮಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ, ಆದರೆ ಅವನ ಮನಸ್ಸೆಲ್ಲ ಬೌಲಿಂಗಿನ ಮೇಲೆ. ಬೆಳಗಿನ ಜಾವ ಐದಕ್ಕೆ ಎದ್ದು ಕ್ರಿಕೆಟ್ ಚೀಲವನ್ನು ಹೆಗಲಿಗೇರಿಸಿದನೆಂದರೆ ಮನೆಗೆ ಬರುವುದು ಬಿಸಿಲೇರಿದ ಮೇಲೆ. ಕಿರಿಯವನಿಗೆ ಬಿಸಿಲೂ ಬೇಡ, ಚೆಂಡೂ ಬೇಡ. ಅವನು ಲ್ಯಾಪ್‌ಟಾಪಿನ ಮುಂದೆ ಕುಳಿತು ತಂಡವನ್ನು ನಡೆಸುತ್ತಾನೆ.

ಈ ಆಟ ಅವನಿಗೆ ದೊರೆತದ್ದು ಅಮೆರಿಕದಲ್ಲಿರುವ ಸೋದರಮಾವನ ಮನೆಯಿಂದ. ಬೇಸ್‌ಬಾಲ್ ತಂಡದ ವ್ಯವಸ್ಥಾಪಕನಾಗುವ ಆಟ ಅದು. ಇಂಥವುಗಳಲ್ಲಿ ಹೆಸರಾದ ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’ ಎಂಬುದನ್ನು ಮಾರ್ಕಸ್ ಹೈನ್‌ಸೋನ್ ಎಂಬ ಜರ್ಮನ್ ಮಹನೀಯರು 1999ರಲ್ಲಿ ಹೊರತಂದರು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ. ದಾಂಡು, ಚೆಂಡು, ಓಟ ಮೂರೂ ಅಲ್ಲಿಯೂ ಉಂಟು. ಆದರೆ ಈ ಕಂಪ್ಯೂಟರ್ ಆಟದಲ್ಲಿ ಆಡುವವನು ದಾಂಡನ್ನು ಮುಟ್ಟುವುದೇ ಇಲ್ಲ. ಮಾಲೀಕನು ವರ್ಷಕ್ಕೆ ಇಂತಿಷ್ಟು ಹಣವೆಂದು ಗೊತ್ತುಮಾಡುತ್ತಾನೆ. ಆ ಹಣದಲ್ಲಿ ಯಾರನ್ನು ಎಷ್ಟು ವರ್ಷಕ್ಕೆ ಎಷ್ಟು ಸಂಬಳಕ್ಕೆ ಕರೆತರಬೇಕು, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳುಹಿಸಬೇಕು ಎಂಬುದೇ ಆಟ. ಅಂಕಿಗಳು ಸರಿಹೋದರೆ ತಂಡ ಗೆಲ್ಲುತ್ತದೆ. ಇಲ್ಲವಾದರೆ ಮಾಲೀಕನು ವ್ಯವಸ್ಥಾಪಕನಿಗೇ ಗೇಟಿನ ದಾರಿ ತೋರಿಸುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಿರಿಯವನು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದನು.

“ಏನಾಯಿತೋ?” ಎಂದರು ತಾತ.

“ದುಡ್ಡು ಸಾಲದು ತಾತ. ಮೂರು ವರ್ಷದ ಹಿಂದೆ ಒಬ್ಬನಿಗೆ ಏಳು ವರ್ಷದ ಒಪ್ಪಂದ ಬರೆದುಕೊಟ್ಟೆ. ಆಗ ಅವನಿಗೆ ಮೂವತ್ತೊಂದು. ಎರಡು ವರ್ಷ ಚೆನ್ನಾಗಿ ಹೊಡೆದ. ಈಗ ಮಂಡಿ ನೋವು. ಇನ್ನೂ ನಾಲ್ಕು ವರ್ಷ ಸಂಬಳ ಕೊಡಬೇಕು.”

“ಕೊಡದೆ ಇದ್ದರೆ?”

“ಹಾಗೆ ಆಗುವುದಿಲ್ಲ ತಾತ. ಪಟ್ಟಿಯಿಂದ ತೆಗೆಯಬಹುದು; ಸಂಬಳ ತಪ್ಪುವುದಿಲ್ಲ.” ಹುಡುಗ ಒಂದು ಗುಂಡಿ ಒತ್ತಿದ. “ತೆಗೆದೇ ಬಿಟ್ಟೆ.”

“ಎಲ್ಲಿಗೆ ಹೋದ?”

“ಯಾರು?”

“ಅವನೇ, ಮಂಡಿ ನೋವಿನವನು.”

ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎಲ್ಲಿಗೂ ಇಲ್ಲ ತಾತ. ಪಟ್ಟಿಯಲ್ಲಿ ಇಲ್ಲ, ಅಷ್ಟೆ.”

ಸಂಬಳದ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೆಸರುಗಳನ್ನು ಹೊಡೆದು ಅನುಭವವಿದ್ದ ಮುದುಕರು ಮಾತನಾಡದೆ ಎದ್ದುಹೋದರು. ಹೆಸರು ಹೊಡೆಸಿಕೊಂಡವರು ಎಲ್ಲಿಗೆ ಹೋದರೆಂಬುದು ಅವರಿಗೆ ಗೊತ್ತಿತ್ತು. ಕೆಲವರು ಮಾರನೆಯ ವಾರ ಗೇಟಿನ ಬಳಿ ನಿಂತಿರುತ್ತಿದ್ದರು.

ಹುಡುಗನ ಆಟದಲ್ಲಿರುವ ನಿಯಮಗಳು ಕಲ್ಪನೆಯವಲ್ಲ. ಒಂದೊಂದರ ಹಿಂದೆಯೂ ಮನುಷ್ಯರ ಹೋರಾಟವಿದೆ. ಅಮೆರಿಕದಲ್ಲಿ ಬಹುಕಾಲದವರೆಗೆ ಬೇಸ್‌ಬಾಲ್ ಆಟಗಾರನು ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದನೆಂದರೆ ಆ ತಂಡದ ಸೊತ್ತೇ ಆಗುತ್ತಿದ್ದನು. ಒಪ್ಪಂದದ ಅವಧಿ ತೀರಿದರೂ ಬೇರೆಯವರ ಕಡೆಗೆ ಹೋಗುವಂತಿರಲಿಲ್ಲ. ತಂಡವಾದರೋ ಅವನನ್ನು ಮನಬಂದವರಿಗೆ ದಾಟಿಸಬಹುದಾಗಿತ್ತು. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯ ತಂಡಕ್ಕೆ ಹೀಗೆಯೇ ದಾಟಿಸಿದರು. ಆತನು ಒಪ್ಪಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದನು. 1972ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಐದು ಮೂರರ ಬಹುಮತದಿಂದ ಆತನ ವಿರುದ್ಧ ತೀರ್ಪಿತ್ತಿತು. ಫ್ಲಡ್ ಸೋತನು, ಆದರೆ ಆತನು ಎತ್ತಿದ ಪ್ರಶ್ನೆ ಸೋಲಲಿಲ್ಲ. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥರು ಬೇರೆ ಇಬ್ಬರು ಆಟಗಾರರ ವ್ಯಾಜ್ಯದಲ್ಲಿ ಹಳೆಯ ಪದ್ಧತಿಯ ಬೇರನ್ನೇ ಕತ್ತರಿಸಿದರು. ಅಲ್ಲಿಂದ ಮುಂದೆ ನಿಯಮ ಬದಲಾಯಿತು. ಈಗ ಅಲ್ಲಿ ಆಟಗಾರನು ಮೊದಲ ಕೆಲವು ವರ್ಷ ಕಡಿಮೆ ಸಂಬಳಕ್ಕೆ ದುಡಿಯುತ್ತಾನೆ. ಆಮೇಲೆ ಸಂಬಳದ ತಕರಾರನ್ನು ಮಧ್ಯಸ್ಥರ ಮುಂದೆ ಇಡಬಹುದು. ಆರು ವರ್ಷದ ಸೇವೆ ತುಂಬಿದ ಮೇಲೆ ತನಗಿಷ್ಟವಾದ ತಂಡದೊಡನೆ ಮಾತನಾಡಬಹುದು.

ಸ್ವಾತಂತ್ರ್ಯ ಬಂದ ಮೇಲೆ ಸಂಬಳವೂ ಏರಿತು. ಅದರ ಜೊತೆಗೆ ಸಾಲದ ಬುದ್ಧಿಯೂ ಬಂದಿತು. ಬಾಬಿ ಬೊನಿಲ್ಲ ಎಂಬ ಆಟಗಾರನ ಕಥೆಯನ್ನು ಕೇಳಿದರೆ ಚೀಟಿಯ ವ್ಯವಹಾರ ಬಲ್ಲ ನಮ್ಮ ಗೃಹಿಣಿಯರು ನಗದೆ ಇರಲಾರರು. ನ್ಯೂಯಾರ್ಕಿನ ಮೆಟ್ಸ್ ತಂಡಕ್ಕೆ 2000ದಲ್ಲಿ ಆತನು ಬೇಡವಾದನು. ಕೊಡಬೇಕಾಗಿದ್ದುದು 59 ಲಕ್ಷ ಡಾಲರ್. ಒಂದೇ ಬಾರಿಗೆ ಕೊಟ್ಟು ಕೈತೊಳೆದುಕೊಳ್ಳುವ ಬದಲು ತಂಡದವರು ನೂರಕ್ಕೆ ಎಂಟರ ಬಡ್ಡಿಗೆ ಒಪ್ಪಿ ಕಂತಿನ ಕರಾರು ಬರೆದರು. ಅದರಂತೆ 2011ರಿಂದ 2035ರವರೆಗೆ ಪ್ರತಿ ವರ್ಷ ಜುಲೈ 1ರಂದು ಆತನಿಗೆ ಸುಮಾರು 11.9 ಲಕ್ಷ ಡಾಲರ್ ಸಲ್ಲುತ್ತದೆ. ಇಪ್ಪತ್ತೈದು ಕಂತು ಮುಗಿಯುವ ವೇಳೆಗೆ 59 ಲಕ್ಷದ ಋಣ ಮೂರು ಕೋಟಿಯ ಸಮೀಪಕ್ಕೆ ಬಂದಿರುತ್ತದೆ. ಆತನು ಕೊನೆಯ ಬಾರಿ ಆಡಿದ್ದು 2001ರಲ್ಲಿ!

ಮುಂದೂಡುವ ಈ ವಿದ್ಯೆ ಇನ್ನೂ ಬೆಳೆದಿದೆ. 2023ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡ ಜಪಾನಿನ ಶೋಹೆಯ್ ಓಟಾನಿಯೊಡನೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆದರೆ ಆಡುವ ಹತ್ತು ವರ್ಷಗಳಲ್ಲಿ ಆತನ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ ಸಲ್ಲಬೇಕು. ಇಂದಿನ ಗೆಲುವಿಗೆ ನಾಳೆಯ ಪೆಟ್ಟಿಗೆಯಿಂದ ಹಣ!

ಹಣವೇ ಎಲ್ಲವೂ ಅಲ್ಲವೆಂದು ತೋರಿಸಿದವರೂ ಉಂಟು. 2002ರಲ್ಲಿ ಓಕ್ಲೆಂಡ್ ತಂಡದ ಸಂಬಳದ ಮೊತ್ತ ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸರದು ಸುಮಾರು 12.5 ಕೋಟಿ. ಆ ವರ್ಷ ಎರಡು ತಂಡಗಳೂ ಗೆದ್ದ ಪಂದ್ಯಗಳು 103! ಓಕ್ಲೆಂಡಿನ ವ್ಯವಸ್ಥಾಪಕ ಬಿಲ್ಲಿ ಬೀನ್ ಪೇಟೆಯವರು ಮೆಚ್ಚಿದ ಗುಣಗಳನ್ನು ಬಿಟ್ಟು, ಪೇಟೆಯವರ ಕಣ್ಣಿಗೆ ಬೀಳದ ಗುಣಗಳನ್ನು ಅಗ್ಗವಾಗಿ ಕೊಂಡನು. ಮೈಕೇಲ್ ಲೂಯಿಸ್ ಎಂಬ ಬರಹಗಾರರು 2003ರಲ್ಲಿ ‘ಮನಿಬಾಲ್’ ಎಂಬ ಪುಸ್ತಕವನ್ನೇ ಇದರ ಮೇಲೆ ಬರೆದರು. ಸಂತೆಯಲ್ಲಿ ಸಂಜೆಯ ಹೊತ್ತಿಗೆ ಹೋಗಿ ಒಳ್ಳೆಯ ತರಕಾರಿಯನ್ನು ಕಡಿಮೆ ಬೆಲೆಗೆ ಆರಿಸಿ ತರುವ ಜಾಣತನಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಅಮೆರಿಕದ ಮಾತು ಅಮೆರಿಕದಲ್ಲಿರಲಿ. ನಮ್ಮ ಊರಿನಲ್ಲಿಯೇ ಈ ಲೆಕ್ಕ ಬಹಿರಂಗವಾಗಿ ನಡೆದು, ಮನೆಮನೆಯ ಟೆಲಿವಿಷನ್ನಿನಲ್ಲಿ ಕಾಣುತ್ತದೆ. ಐ.ಪಿ.ಎಲ್. ಹರಾಜು ಬೆಂಗಳೂರಿನಲ್ಲಿಯೇ 2011, 2014, 2018, 2022ರಲ್ಲಿ ನಡೆಯಿತು. ಮೊದಲನೆಯ ಹರಾಜು 2008ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಆದದ್ದು. ಆಗ ಪ್ರತಿಯೊಂದು ತಂಡಕ್ಕೆ 50 ಲಕ್ಷ ಡಾಲರಿನ ಮಿತಿ. ಬೆಂಗಳೂರು ತಂಡಕ್ಕೆ ರಾಹುಲ್ ದ್ರಾವಿಡ್ ಅವರು ಗುರುತಿನ ಆಟಗಾರರು. ಅಂಥವರಿಗೆ ತಂಡದ ಮಿಕ್ಕವರಲ್ಲಿ ಅತಿ ಹೆಚ್ಚು ಪಡೆಯುವವನಿಗಿಂತ ನೂರಕ್ಕೆ ಹದಿನೈದು ಹೆಚ್ಚು ಕೊಡಬೇಕೆಂಬುದು ನಿಯಮ. ಜಾಕ್ ಕಾಲಿಸ್ ಅವರಿಗೆ 9 ಲಕ್ಷ ಡಾಲರ್ ಕೂಗಿದರು. ಆದುದರಿಂದ ದ್ರಾವಿಡ್ ಅವರಿಗೆ ತಾನಾಗಿಯೇ 10.35 ಲಕ್ಷ ಸಂದಿತು. ಮೂರು ವರ್ಷದ ಮೇಲೆ, 2011ರ ಜನವರಿಯಲ್ಲಿ ಅವರ ಊರಿನಲ್ಲಿಯೇ ಹರಾಜು ನಡೆದಾಗ, ರಾಜಸ್ಥಾನದವರು ಅವರನ್ನು 5 ಲಕ್ಷಕ್ಕೆ ಕೊಂಡರು. ಅದೇ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೇಳಲಿಲ್ಲ. ಗಾಯಗೊಂಡ ಒಬ್ಬ ಆಟಗಾರನ ಬದಲಿಗೆ ಬೆಂಗಳೂರು ತಂಡಕ್ಕೆ ಬಂದ ಅವರು ಆ ವರ್ಷ 608 ಓಟಗಳನ್ನು ಗಳಿಸಿ ಎಲ್ಲರಿಗಿಂತ ಮುಂದೆ ನಿಂತರು.

ಅಂದಮೇಲೆ ಕೂಗುವ ಬೆಲೆ ಯಾವುದರ ಬೆಲೆ? ಮನುಷ್ಯನ ಯೋಗ್ಯತೆಯ ಬೆಲೆಯೆ?

ಬೆಂಗಳೂರು ತಂಡದ 2025ರ ಲೆಕ್ಕವನ್ನು ತೆಗೆದು ನೋಡಿದರೆ ಉತ್ತರ ಸ್ವಲ್ಪ ತಿಳಿಯುತ್ತದೆ. ತಂಡಕ್ಕೆ ಗೊತ್ತುಮಾಡಿದ್ದ ಮಿತಿ 120 ಕೋಟಿ ರೂಪಾಯಿ. ವಿರಾಟ್ ಕೊಹ್ಲಿ ಅವರಿಗೆ 21 ಕೋಟಿ, ರಜತ್ ಪಾಟೀದಾರ್ ಅವರಿಗೆ 11, ಯಶ್ ದಯಾಳ್ ಅವರಿಗೆ 5. ಹೀಗೆ ಮೂವರನ್ನು ಉಳಿಸಿಕೊಳ್ಳುವುದಕ್ಕೆ 37 ಕೋಟಿ ಹೋಯಿತು. ಉಳಿದ 83 ಕೋಟಿಯನ್ನು ಹಿಡಿದುಕೊಂಡು 2024ರ ನವೆಂಬರಿನಲ್ಲಿ ಜೆಡ್ಡಾ ನಗರದ ಹರಾಜಿಗೆ ಹೋದರು. ಹೇಜಲ್‌ವುಡ್ ಅವರಿಗೆ 12.50, ಸಾಲ್ಟ್ ಅವರಿಗೆ 11.50, ಜಿತೇಶ್ ಶರ್ಮ ಅವರಿಗೆ 11, ಭುವನೇಶ್ವರ್ ಕುಮಾರ್ ಅವರಿಗೆ 10.75 ಕೋಟಿ ಹೀಗೆ ಕೊಡುತ್ತ ಬಂದು, ಕೊನೆಗೆ ತಲಾ 30 ಲಕ್ಷಕ್ಕೆ ನಾಲ್ವರು ಹುಡುಗರನ್ನು ಸೇರಿಸಿಕೊಂಡರು. ಆ ನಾಲ್ವರಲ್ಲಿ ಕರ್ನಾಟಕದ ಮನೋಜ್ ಭಾಂಡಗೆ ಅವರೂ ಒಬ್ಬರು. ಒಟ್ಟು 22 ಜನ; ವೆಚ್ಚ 119.25 ಕೋಟಿ, ಪೆಟ್ಟಿಗೆಯಲ್ಲಿ ಮಿಕ್ಕಿದ್ದು 75 ಲಕ್ಷ. ಒಂದೇ ಪಟ್ಟಿಯಲ್ಲಿ ಮೇಲಿನ ಸಂಬಳ ಕೆಳಗಿನ ಸಂಬಳದ ಎಪ್ಪತ್ತರಷ್ಟು!

ಅದೇ ಹರಾಜಿನಲ್ಲಿ ರಿಷಭ್ ಪಂತ್ ಅವರನ್ನು ಲಕ್ನೋ ತಂಡ 27 ಕೋಟಿಗೆ ಕೊಂಡಿತು, ಅಲ್ಲಿಯವರೆಗೆ ಐ.ಪಿ.ಎಲ್. ಹರಾಜಿನಲ್ಲಿ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ. ಬೆಂಗಳೂರಿನವರು ಯಾರೊಬ್ಬರನ್ನೂ ಹರಾಜಿನಲ್ಲಿ 12.50 ಕೋಟಿಯನ್ನು ಮೀರಿ ಕೊಳ್ಳಲಿಲ್ಲ. ಹಬ್ಬಕ್ಕೆ ಒಬ್ಬರಿಗೇ ರೇಷ್ಮೆ ತೆಗೆದು ಮಿಕ್ಕವರನ್ನು ಹಳೆಯ ಬಟ್ಟೆಯಲ್ಲಿ ಇರಿಸದೆ, ಮನೆಮಂದಿಗೆಲ್ಲ ಒಳ್ಳೆಯ ಹತ್ತಿಯ ಬಟ್ಟೆಯನ್ನು ತೆಗೆದ ಯಜಮಾನನ ಲೆಕ್ಕ ಇದು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ಓಟಗಳಿಂದ ಸೋಲಿಸಿ, ಹದಿನೆಂಟನೆಯ ವರ್ಷದಲ್ಲಿ ಬೆಂಗಳೂರು ಮೊದಲ ಬಾರಿಗೆ ಪ್ರಶಸ್ತಿಯನ್ನು ಗೆದ್ದಿತು. ಆ ರಾತ್ರಿ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದವರು 17 ಓಟ ಕೊಟ್ಟು 2 ವಿಕೆಟ್ ಪಡೆದ ಕೃಣಾಲ್ ಪಾಂಡ್ಯ. ಅವರ ಬೆಲೆ 5.75 ಕೋಟಿ.

ಆ ಪಂದ್ಯದಲ್ಲಿ ಇನ್ನೊಬ್ಬರಿದ್ದರು. ಕರ್ನಾಟಕದ ಮಯಾಂಕ್ ಅಗರವಾಲ್. 2022ರಲ್ಲಿ ಅವರು ಪಂಜಾಬ್ ತಂಡದ ನಾಯಕರು. ಆ ವರ್ಷದ ಕೊನೆಯ ಹರಾಜಿನಲ್ಲಿ ಹೈದರಾಬಾದಿನವರು ಅವರನ್ನು 8.25 ಕೋಟಿಗೆ ಕೊಂಡರು. 2024ರ ನವೆಂಬರಿನಲ್ಲಿ ಅವರ ಹೆಸರು ಕೂಗಿದಾಗ ಯಾವ ತಂಡದ ಕೈಯೂ ಮೇಲೇಳಲಿಲ್ಲ. 2025ರ ಮೇ ತಿಂಗಳಿನಲ್ಲಿ ದೇವದತ್ತ ಪಡಿಕ್ಕಲ್ ಅವರಿಗೆ ಗಾಯವಾಯಿತು; ಅವರ ಬದಲಿಗೆ ಅಗರವಾಲ್ ಅವರನ್ನು 1 ಕೋಟಿಗೆ ಕರೆದರು. ಬದಲಿಯಾಗಿ ಬಂದವನಿಗೆ ಗಾಯಗೊಂಡವನ ಸಂಬಳಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂಬುದು ನಿಯಮ. ಪಡಿಕ್ಕಲ್ ಅವರದು 2 ಕೋಟಿ. ಆರು ತಿಂಗಳ ಹಿಂದೆ ಯಾರಿಗೂ ಬೇಡವಾಗಿದ್ದವರು ಅಂತಿಮ ಪಂದ್ಯದಲ್ಲಿ ಆಡಿ ಗೆದ್ದ ತಂಡದವರಾದರು. ನಡುವಿನ ಆ ಆರು ತಿಂಗಳಲ್ಲಿ ಅವರು ಕಲಿತ ಆಟವೇನು ಹೆಚ್ಚಾಯಿತೆ? ಇಲ್ಲ. ತಂಡಕ್ಕೆ ಅಗತ್ಯ ಬಿದ್ದಿತು, ಅಷ್ಟೆ.

ಇದಕ್ಕೆ ಎದುರಾದ ಉದಾಹರಣೆಯೂ ಕರ್ನಾಟಕದ್ದೇ. ಆಫ್ ಸ್ಪಿನ್ ಬೌಲರ್ ಕೃಷ್ಣಪ್ಪ ಗೌತಮ್ ಅವರನ್ನು 2021ರ ಫೆಬ್ರವರಿಯಲ್ಲಿ ಚೆನ್ನೈ ತಂಡ 9.25 ಕೋಟಿಗೆ ಕೊಂಡಿತು. ಹರಾಜಿನ ಮೂಲಬೆಲೆ 20 ಲಕ್ಷ. ಭಾರತದ ಪರವಾಗಿ ಇನ್ನೂ ಆಡದಿದ್ದ ಭಾರತೀಯನಿಗೆ ಆ ಕಾಲಕ್ಕೆ ಅದು ಅತಿ ದೊಡ್ಡ ಬೆಲೆ. ಆ ವರ್ಷ ಚೆನ್ನೈ ತಂಡ ಪ್ರಶಸ್ತಿಯನ್ನು ಗೆದ್ದಿತು; ಗೌತಮ್ ಅವರಿಗೆ ಮಾತ್ರ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ಸಿಗಲಿಲ್ಲ. ಮುಂದಿನ ವರ್ಷ ಬೆಂಗಳೂರಿನ ಹರಾಜಿನಲ್ಲಿ ಲಕ್ನೋದವರು ಅವರನ್ನು ಕೊಂಡದ್ದು 90 ಲಕ್ಷಕ್ಕೆ. ಇಡೀ ಋತುವಿಗೆ ಸಿದ್ಧನಾಗಿದ್ದವನು ಆಡಲಿ, ಬಿಡಲಿ, ಒಪ್ಪಿದ ಸಂಬಳ ಸಲ್ಲಬೇಕು; ಅದು ನ್ಯಾಯ. ಆದರೆ ಆಡುವುದಕ್ಕೆಂದೇ ಹುಟ್ಟಿದವನು ಬೆಂಚಿನ ಮೇಲೆ ಕುಳಿತು ಎಣಿಸಿದ ದಿನಗಳಿಗೆ ಯಾವ ಪುಸ್ತಕದಲ್ಲಿ ಕಲಮು ಇದೆ?

ಹರಾಜಿನ ಬೆಲೆ ಯೋಗ್ಯತೆಯ ಬೆಲೆಯಲ್ಲ. ಆ ದಿನ, ಆ ಗಳಿಗೆ, ಆ ತಂಡದ ಕೊರತೆಯ ಬೆಲೆ. ಇಬ್ಬರಿಗೆ ಒಂದೇ ಕೊರತೆಯಿದ್ದು ಇಬ್ಬರ ಪೆಟ್ಟಿಗೆಯಲ್ಲಿಯೂ ಹಣವಿದ್ದರೆ ಬೆಲೆ ಏರುತ್ತದೆ. ಪೆಟ್ಟಿಗೆ ಬರಿದಾದ ಮೇಲೆ ಎಂಥವನು ಬಂದರೂ ಕೈ ಏಳುವುದಿಲ್ಲ. ಸಂಬಳದ ಲೆಕ್ಕ ಬರೆದವರಿಗೆ ಇದು ಗೊತ್ತು. ಟೆಲಿವಿಷನ್ನಿನ ಮುಂದೆ ಕುಳಿತವರಿಗೆ ಇದು ಮರೆತುಹೋಗುತ್ತದೆ.

ರಾಜಾನುಕುಂಟೆಯ ಆ ಮನೆಯಲ್ಲಿ ಮರೆತದ್ದು ಹಿರಿಯ ಮೊಮ್ಮಗನಿಗೆ. ಅದೇ ಭಾನುವಾರ ರಾತ್ರಿ ಅವನು ಎಲ್ಲರ ಮುಂದೆ ಹೇಳಿಬಿಟ್ಟನು: “ಅಪ್ಪ, ನಾನು ಕಾಲೇಜು ಬಿಡುತ್ತೇನೆ. ಎರಡು ದೋಣಿಯಲ್ಲಿ ಕಾಲಿಟ್ಟರೆ ಆಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗರಿಗೆ ಕೋಟಿ ಕೋಟಿ ಕೊಡುತ್ತಿದ್ದಾರೆ.”

ತಾಯಿಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ತಂದೆಗೆ ಸಿಟ್ಟು ಬಂದಿತು. “ಬಿಡು, ಬಿಡು. ಎರಡು ವರ್ಷದ ಫೀಸು ನೀರಿಗೆ ಹಾಕಿದ ಹಾಗಾಯಿತು” ಎಂದರು. ಯಾವ ಫೀಸನ್ನು ಹೇಳಿದರೋ, ಕಾಲೇಜಿನದೋ ಆಟದ್ದೋ, ಅವರಿಗೇ ತಿಳಿಯಲಿಲ್ಲ.

ತಾತ ಕಿರಿಯವನನ್ನು ಕರೆದರು. “ಲೆಕ್ಕದವನೇ, ಬಾ ಇಲ್ಲಿ. ಆ ಹರಾಜಿಗೆ ಒಟ್ಟು ಎಷ್ಟು ಜನ ಹೆಸರು ಕೊಟ್ಟಿದ್ದರು, ಹೇಳು.”

ಕಿರಿಯವನಿಗೆ ಅಂಕಿಗಳು ನಾಲಗೆಯ ತುದಿಯಲ್ಲಿದ್ದವು. 2025ರ ಋತುವಿಗಾಗಿ ನಡೆದ ಹರಾಜಿಗೆ ಹೆಸರು ಕೊಟ್ಟವರು 1574 ಮಂದಿ. ಅವರಲ್ಲಿ ಭಾರತೀಯರೇ 1165. ಆರಿಸಿ ಮೊದಲು ಪ್ರಕಟಿಸಿದ ಪಟ್ಟಿಯಲ್ಲಿ ಉಳಿದವರು 574. ಎರಡು ದಿನದ ಕೊನೆಗೆ ಮಾರಾಟವಾದವರು 182. ಒಟ್ಟು ವೆಚ್ಚ 639.15 ಕೋಟಿ.

“ಹೆಸರು ಕೊಟ್ಟ ಎಂಟು ಜನರಲ್ಲಿ ಒಬ್ಬನಿಗೂ ಪೂರ್ತಿ ಸಿಗಲಿಲ್ಲ” ಎಂದರು ತಾತ. “ಹೆಸರು ಕೊಡುವ ಮಟ್ಟಕ್ಕೆ ಬಾರದವರ ಲೆಕ್ಕ ಬೇರೆ. ಈಗ ಹೇಳು, ಕೋಟಿ ಸಿಕ್ಕದ, ಆದರೂ ಚೆನ್ನಾಗಿ ಆಡುವ ಹುಡುಗನಿಗೆ ದಿನಕ್ಕೆ ಏನು ಸಿಗುತ್ತದೆ?”

ಅದೂ ಹುಡುಗನಿಗೆ ಗೊತ್ತಿತ್ತು. ಕ್ರಿಕೆಟ್ ಮಂಡಳಿಯವರು 2021ರಲ್ಲಿ ಗೊತ್ತುಮಾಡಿದ ದರದಂತೆ ರಣಜಿ ಮಟ್ಟದಲ್ಲಿ 40 ಪಂದ್ಯಗಳಿಗಿಂತ ಹೆಚ್ಚು ಆಡಿದವರಿಗೆ ದಿನಕ್ಕೆ 60,000. 21ರಿಂದ 40 ಆಡಿದವರಿಗೆ 50,000. ಹೊಸಬರಿಗೆ 40,000 ರೂಪಾಯಿ. ಇಪ್ಪತ್ತಮೂರರೊಳಗಿನವರ ತಂಡದಲ್ಲಿ 25,000, ಹತ್ತೊಂಬತ್ತರೊಳಗಿನವರಲ್ಲಿ 20,000. ಹೊಸಬನು ನಾಲ್ಕು ದಿನದ ಒಂದು ಪಂದ್ಯವಾಡಿದರೆ 1.6 ಲಕ್ಷ. ಇದು ಕಡಿಮೆಯಲ್ಲ, ಆದರೆ ಹನ್ನೊಂದರಲ್ಲಿ ಹೆಸರು ಬಂದರೆ ಮಾತ್ರ. ಐ.ಪಿ.ಎಲ್.ನಲ್ಲಿಯೂ 2025ರಿಂದ ಪಂದ್ಯಕ್ಕೆ 7.5 ಲಕ್ಷದ ಫೀಸು ಸೇರಿದೆ. ಹದಿನಾಲ್ಕು ಪಂದ್ಯ ಆಡಿದವನಿಗೆ 1.05 ಕೋಟಿ. 30 ಲಕ್ಷಕ್ಕೆ ಹೋದ ಹುಡುಗನಿಗೆ ಹರಾಜಿನ ಬೆಲೆಗಿಂತ ಆಡುವ ಅವಕಾಶವೇ ದೊಡ್ಡ ಆಸ್ತಿಯಾಗುವಂತೆ ಮಾಡಿದ ಈ ನಿಯಮವನ್ನು ಬುದ್ಧಿವಂತಿಕೆಯ ಕೆಲಸವೆಂದೇ ಹೇಳಬೇಕು.

ಹಿರಿಯವನು ತಲೆ ತಗ್ಗಿಸಿ ಕುಳಿತಿದ್ದನು. “ಹಾಗಾದರೆ ನನಗೆ ಆಗುವುದಿಲ್ಲ ಎನ್ನುತ್ತೀರಾ ತಾತ?”

“ನಾನು ಹಾಗೆ ಹೇಳಲಿಲ್ಲ ಕಣಪ್ಪ. ನಿನ್ನ ಬೌಲಿಂಗು ಹೇಗಿದೆಯೋ ನನಗೆ ತಿಳಿಯದು; ಅದನ್ನು ಹೇಳುವುದಕ್ಕೆ ನಿನ್ನ ಗುರುಗಳಿದ್ದಾರೆ. ನನಗೆ ತಿಳಿದದ್ದು ಸಂಬಳದ ಪುಸ್ತಕ. ಅದರಲ್ಲಿ ಎರಡು ಬಗೆಯ ಜನರನ್ನು ಕಂಡಿದ್ದೇನೆ. ಕೆಲವರು ಬಂದ ಸಂಬಳವನ್ನು ಕೆಲಸಕ್ಕೆ ಸಿಕ್ಕ ಕೂಲಿ ಎಂದುಕೊಂಡರು. ಕೆಲವರು ಅದನ್ನೇ ತಮ್ಮ ತೂಕ ಎಂದುಕೊಂಡರು. ಎರಡನೆಯವರು ಸಂಬಳ ನಿಂತ ದಿನ ತಾವೂ ನಿಂತುಹೋದರು.”

ಅಮ್ಮ ಕಣ್ಣೊರೆಸಿಕೊಂಡು ಕೇಳಿದರು: “ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ ಮಾವ?”

ಮಾವನವರು ಹಳೆಯ ಅಭ್ಯಾಸದಂತೆ ಗೆರೆ ಹಾಕಿದ ಕಾಗದವೊಂದನ್ನು ತರಿಸಿದರು. ಮೂಗಿನ ತುದಿಗೆ ಕನ್ನಡಕವನ್ನು ಜಾರಿಸಿ, ತಲೆಬರಹ ಬರೆದು, ಕಲಮುಗಳನ್ನು ಹಾಕುತ್ತ ಹೋದರು. ಒಂದು: ಎರಡು ವರ್ಷ ಅಭ್ಯಾಸದ ಫೀಸನ್ನು ಮನೆಯವರು ತಪ್ಪದೆ ಕಟ್ಟತಕ್ಕದ್ದು, ಅದನ್ನು ಎತ್ತಿ ಆಡತಕ್ಕದ್ದಲ್ಲ. ಎರಡು: ಅದೇ ಎರಡು ವರ್ಷದಲ್ಲಿ ಹುಡುಗನು ಬಿ.ಕಾಂ. ಮುಗಿಸತಕ್ಕದ್ದು, ಪರೀಕ್ಷೆಯ ತಿಂಗಳು ಅಭ್ಯಾಸ ಅರ್ಧ ದಿನ. ಮೂರು: ಎರಡು ವರ್ಷದ ಮೇಲೆ ಗುರುಗಳು ಏನು ಹೇಳುವರೋ ಅದನ್ನು ಹುಡುಗನೂ ತಂದೆಯೂ ಒಟ್ಟಿಗೆ ಕುಳಿತು ಕೇಳತಕ್ಕದ್ದು. ನಾಲ್ಕು: ಗಾಯವಾದರೆ ವೈದ್ಯರ ವೆಚ್ಚ ತಾತನ ಪಿಂಚಣಿಯಿಂದ.

ಕಿರಿಯವನು ಕಾಗದವನ್ನು ವ್ಯವಸ್ಥಾಪಕನ ಗತ್ತಿನಿಂದ ಓದಿದನು. “ತಾತ, ಒಂದು ಕಲಮು ಬಿಟ್ಟುಹೋಗಿದೆ. ಸರಿಯಾಗಿ ಆಡದಿದ್ದರೆ ಪಟ್ಟಿಯಿಂದ ತೆಗೆಯುವುದು ಹೇಗೆ ಎಂಬುದನ್ನು ಬರೆದೇ ಇಲ್ಲ.”

“ಬಿಟ್ಟುಹೋಗಿಲ್ಲವೋ” ಎಂದರು ತಾತ. “ಈ ಪಟ್ಟಿಗೆ ಆ ಕಲಮು ಇಲ್ಲ.”

ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ತಂದೆ ಕಾಗದವನ್ನು ತೆಗೆದುಕೊಂಡು ಮೊದಲು ಸಹಿ ಹಾಕಿದರು. ಹುಡುಗನು ಆಮೇಲೆ ಹಾಕಿದನು.

ಆಟಗಾರರ ಸಂಬಳದ ಲೆಕ್ಕವನ್ನು ನಡೆಸುವ ಆಟಗಳು ಮಕ್ಕಳಿಗೆ ಕೆಟ್ಟವೆಂದು ಇಷ್ಟರಿಂದ ತಿಳಿಯಬಾರದು. ಮಿತಿಯಾದ ಹಣದಲ್ಲಿ ಸಂಸಾರ ನಡೆಸುವ ಪಾಠವನ್ನು ಅವು ಎಷ್ಟೋ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ಕಲಿಸುತ್ತವೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ, ಇಂದು ಬರೆದ ಮಾತನ್ನು ಏಳು ವರ್ಷದ ಮೇಲೂ ನಡೆಸಿಕೊಡಬೇಕಾಗುತ್ತದೆ, ಮುಂದೂಡಿದ ಋಣ ಬಡ್ಡಿಯ ಸಮೇತ ಹಿಂದಿರುಗುತ್ತದೆ ಎಂಬುದು ಹದಿನಾರನೆಯ ವಯಸ್ಸಿನಲ್ಲಿಯೇ ತಿಳಿದರೆ ಲಾಭವೇ. ಆದರೆ ತಂಡದ ಪುಸ್ತಕಕ್ಕೂ ಮನೆಯ ಪುಸ್ತಕಕ್ಕೂ ಇರುವ ಭೇದವನ್ನು ಹಿರಿಯರು ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ತಂಡಕ್ಕೆ ಬೇಕಾಗಿರುವುದು ಮನುಷ್ಯನ ಕೆಲವು ವರ್ಷ. ಮನೆಗೆ ಬೇಕಾಗಿರುವುದು ಮನುಷ್ಯ.

ಯಲಹಂಕದ ಆಚೆ ರಾಜಾನುಕುಂಟೆಯ ಕಡೆಗಿರುವ ಜಸ್ಟ್ ಕ್ರಿಕೆಟ್ ಅಕಾಡೆಮಿಯ ಮೈದಾನದಲ್ಲಿ 2022ರ ಜೂನ್ ತಿಂಗಳಿನಲ್ಲಿ ಬಂಗಾಳಕ್ಕೂ ಜಾರ್ಖಂಡಿಗೂ ರಣಜಿ ಪಂದ್ಯ ನಡೆಯಿತು. ಬಂಗಾಳದ ಮೊದಲ ಒಂಬತ್ತು ಮಂದಿಯೂ ಐವತ್ತನ್ನು ದಾಟಿದರು. ತಂಡ 7 ವಿಕೆಟ್ಟಿಗೆ 773 ಓಟ ಗಳಿಸಿತು. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅಂಥದು ಅದುವರೆಗೆ ಆಗಿರಲಿಲ್ಲ. ಆ ಒಂಬತ್ತು ಮಂದಿಯಲ್ಲಿ ಹರಾಜಿನ ಕೋಟಿಯನ್ನು ಕಾಣದವರೂ ಇದ್ದರು. ಆದರೂ ಆ ದಿನದ ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಶಾಯಿಯಲ್ಲಿ ಬರೆದಿದೆ.

ಸೋಮವಾರ ಬೆಳಗಿನ ಜಾವ ಐದಕ್ಕೆ ಹಿರಿಯವನು ಎಂದಿನಂತೆ ಚೀಲವನ್ನು ಹೆಗಲಿಗೇರಿಸಿದನು. ಅಮ್ಮ ಚೀಲದ ಬದಿಯ ಜೇಬಿನಲ್ಲಿ ಏನನ್ನೋ ತುರುಕಿದರು. ಬಸ್ಸಿನಲ್ಲಿ ಕುಳಿತು ಅವನು ತೆಗೆದು ನೋಡಿದಾಗ ಒಂದು ಡಬ್ಬಿಯಲ್ಲಿ ರಾಗಿಯ ರೊಟ್ಟಿ, ಅದರ ಕೆಳಗೆ ಅವನ ಕಾಸ್ಟ್ ಅಕೌಂಟಿಂಗ್ ಪುಸ್ತಕ ಇದ್ದವು. ಪುಸ್ತಕದ ಮೇಲೆ ಸ್ವಲ್ಪ ಎಣ್ಣೆ ಹತ್ತಿತ್ತು.